ಅಡಿಗೆ ಅರ್ಧ ಇಂಚು

ಬಿಳಿಜೋಳದ ರಾಶಿ ಮುಗಿದು ಕಣಿಕೆ ಬಣವೆ ಏರುವ ದಿನಗಳಲ್ಲಿ ನಮ್ಮ ದೇವಣಗಾಂವದ ಹುಡುಗರಿಗೆ ಅಂಗಡಿಯ ಆಟಿಕೆ ಬೇಕಾಗುವುದಿಲ್ಲ. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆಯ ಬೆಂಡು. ಸುಲಿದ ಸಿಪ್ಪೆಯ ಸಿಬಿರೇ ಮೊಳೆ, ಬೆಂಡೇ ಹಲಗೆ. ಚುಚ್ಚಿ ಜೋಡಿಸುತ್ತ ಹೋದರೆ ಚಕ್ಕಡಿ ಏಳುತ್ತದೆ, ನೊಗ ಬರುತ್ತದೆ, ಕೋಡು ಬಾಗಿಸಿದ ಎತ್ತುಗಳು ಬರುತ್ತವೆ. ಅಂಟು ಬೇಡ, ದಾರ ಬೇಡ. ದಂಟು ತನ್ನ ಮೈಯನ್ನೂ ಕೊಡುತ್ತದೆ, ಮೈಗೆ ಬೇಕಾದ ಮೊಳೆಯನ್ನೂ ಕೊಡುತ್ತದೆ. ನಾನು ಕಾರು ಕಟ್ಟಲು ಕಲಿತದ್ದು ಈ ದಂಟಿನಿಂದ.

ಈಗ ನನಗೆ ಐವತ್ತು ದಾಟಿದೆ. ಬಟ್ಟೆ ಹೊಲಿಯುವುದು ಉದ್ಯೋಗ. ಮಷೀನಿನ ಹಿಂದಿನ ಗೋಡೆಗೆ ಬಡಿಸಿದ ಹಲಗೆಯ ಮೇಲೆ ಹನ್ನೊಂದು ಕಾರುಗಳಿವೆ. ಒಂದೊಂದೂ ಗೇಣಿಗಿಂತ ತುಸು ಚಿಕ್ಕದು. ದೂರದಿಂದ ನೋಡಿದವರಿಗೆ ಅಂಬಾಸಡರ್, ಫಿಯಾಟ್, ಹೆರಾಲ್ಡ್ ಎಂದು ಗುರುತು ಹತ್ತುತ್ತದೆ. ಹತ್ತಿರ ಬಂದವರು ಅಲ್ಲೇ ನಿಂತುಬಿಡುತ್ತಾರೆ. ಒಂದು ಅಂಬಾಸಡರ್‌ಗೆ ಬೆನ್ನು ಉದ್ದವಾಗಿದೆ. ಇನ್ನೊಂದಕ್ಕೆ ಬೆನ್ನೇ ಇಲ್ಲ, ಅಲ್ಲಿ ಕಣಿಕೆ ಸೂಡು ಹೇರಿದೆ. ಒಂದು ಫಿಯಾಟ್ ಟ್ರ್ಯಾಕ್ಟರಿನ ಹಾಗೆ ಎತ್ತರದ ಗಾಲಿಯ ಮೇಲೆ ನಿಂತಿದೆ. "ಇಂಥಾ ಗಾಡಿ ಎಲ್ಲಿ ಅದಾವ ಅಕ್ಕಾ?" ಎಂದು ಜಂಪರ್ ಹೊಲಿಸಲು ಬಂದವರು ಕೇಳುತ್ತಾರೆ. ಎಲ್ಲಿಯೂ ಇಲ್ಲ. ಇರಬಹುದಿತ್ತು ಎಂದು ನನಗೆ ಅನಿಸಿದವು ಮಾತ್ರ ಈ ಹಲಗೆಯ ಮೇಲಿವೆ.

ನಮ್ಮೂರು ಭೀಮಾ ನದಿಯ ದಂಡೆಯದು. ಸೇತುವೆ ದಾಟಿದರೆ ಅಫಜಲಪುರ ತಾಲೂಕು, ಇನ್ನೂ ಮುಂದೆ ಹೋದರೆ ಗಾಣಗಾಪುರದ ದತ್ತಾತ್ರೇಯ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವವರ ಕಾರುಗಳು ನಮ್ಮ ರಸ್ತೆಯಲ್ಲಿ ಧೂಳೆಬ್ಬಿಸುತ್ತಿದ್ದ ಕಾಲದಲ್ಲಿ ನಾವು ಹುಡುಗಿಯರು ಬೇವಿನ ಗಿಡದ ಕೆಳಗೆ ಕೂತು ಲೆಕ್ಕ ಹಾಕುತ್ತಿದ್ದೆವು. ಬರುವುದು ಎರಡೇ ಥರ. ದುಂಡು ಹೆಗಲಿನದು ಅಂಬಾಸಡರ್, ಹಿಂದೆ ಸಣ್ಣ ರೆಕ್ಕೆ ಚಿಗುರಿದಂತಿರುವುದು ಫಿಯಾಟ್. ಬಿಳಿ ಅಂಬಾಸಡರ್ ಬಂದರೆ ಸಾಹೇಬರದು ಎಂದು ಎದ್ದು ನಿಲ್ಲುವ ಹಿರಿಯರೂ ಇದ್ದರು.

ಈ ಎರಡೂ ಸೀಮೆಯಾಚೆಯ ಸಂಸಾರದ ಕಾರುಗಳು ಎಂಬುದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಅಂಬಾಸಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಅದರ ಮೂರನೇ ಸೀರೀಸು. ಹುಟ್ಟಿದ ಊರಿನಲ್ಲಿ ಅದು 1956ರಿಂದ ಮೂರು ವರ್ಷ ನಡೆದು ನಿಂತಿತು. ಅದರ ಅಚ್ಚುಗಳು ಬಂಗಾಲದ ಉತ್ತರಪಾರಾಕ್ಕೆ ಬಂದವು. ಹಿಂದುಸ್ತಾನ್ ಮೋಟರ್ಸ್ ಅದನ್ನು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಮಾಡಿತು. ಫಿಯಾಟ್ ಇಟಲಿಯ 1100. ಅದನ್ನು ಮುಂಬಯಿಯ ಕುರ್ಲಾದಲ್ಲಿ ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಕಟ್ಟಿದ ವಾಲಚಂದ ಹಿರಾಚಂದರು ಹುಟ್ಟಿದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ, 1882ರಲ್ಲಿ. 1964ರಲ್ಲಿ ಡಿಲೈಟ್ ಎಂಬ ಹೆಸರಿನಿಂದ ಬಂದ ಆ ಕಾರಿಗೆ ಮುಂದಿನ ದಶಕದಲ್ಲಿ ಚಿತ್ತೋಡಿನ ರಾಣಿಯ ಹೆಸರಿಟ್ಟು ಪದ್ಮಿನಿ ಎಂದು ಕರೆದರು. ದೂರದಿಂದ ಬಂದ ಸೊಸೆ ಹೆಸರು ಬದಲಿಸಿಕೊಂಡು, ನಮ್ಮ ರೊಟ್ಟಿ ಬಡಿಯಲು ಕಲಿತು, ಕಡೆಗೆ ಮನೆಯ ಯಜಮಾನತಿಯೇ ಆದ ಹಾಗೆ ಈ ಕಾರುಗಳು ಇಲ್ಲಿ ಬಾಳಿದವು.

ನನ್ನ ಕಾರುಗಳ ಕತೆ ಮಾತ್ರ ನಮ್ಮ ಮುತ್ಯಾನ ಮೊಣಕಾಲಿನಿಂದ ಶುರುವಾಗುತ್ತದೆ.

ಮುತ್ಯಾ ಆರಡಿ ಆಳು. ಹೊರಸಿನ ಮೇಲೆ ಮಲಗಿದರೆ ಹಿಮ್ಮಡಿ ಹೊರಗೆ ಚಾಚಿರುತ್ತಿತ್ತು. ನನಗೆ ಒಂಬತ್ತು ವರ್ಷವಿದ್ದಾಗ, ಬೇಸಿಗೆಯ ಒಂದು ನಡುರಾತ್ರಿ, ಅವನಿಗೆ ಹೊಟ್ಟೆನೋವು ಎದ್ದಿತು. ಬೆಳಗಾಗುವುದರೊಳಗೆ ಅಪ್ಪ ಸಿಂದಗಿಯಿಂದ ಬಾಡಿಗೆಗೆ ಒಂದು ಅಂಬಾಸಡರ್ ತಂದ. ಮುತ್ಯಾನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ಆಯಿಯ ತೊಡೆಯ ಮೇಲೆ. ನಾನು ಕೆಳಗೆ, ಕಾಲಿಡುವ ಜಾಗದಲ್ಲಿ. ಆ ಸೀಟು ಅಡ್ಡಕ್ಕೆ ನಾಲ್ಕೂವರೆ ಅಡಿಯ ಆಸುಪಾಸು. ಆರಡಿ ಮನುಷ್ಯ ಅಲ್ಲಿ ಹೇಗೆ ಮಲಗಬೇಕು? ಮೊಣಕಾಲು ಎರಡನ್ನೂ ಮಡಚಿ ಬಾಗಿಲಿಗೆ ಒತ್ತಿಟ್ಟರು. ಸಿಂದಗಿ ದಾಟಿ ವಿಜಾಪುರ ಮುಟ್ಟುವತನಕ, ರಸ್ತೆಯ ಒಂದೊಂದು ಕುಣಿಗೂ ಅವನ ಮೊಣಕಾಲು ಬಾಗಿಲ ಹಿಡಿಕೆಗೆ ಬಡಿಯುತ್ತಿತ್ತು. ನೋವೆಂದು ಅವನು ಒಮ್ಮೆಯೂ ಕೂಗಲಿಲ್ಲ. "ಕಾಲ ಚಾಚಬೇಕಾಗೇತಿ ಯವ್ವಾ" ಎಂದಷ್ಟೇ ಅನ್ನುತ್ತಿದ್ದ. ಆಯಿ ತನ್ನ ಅಂಗೈಯನ್ನು ಅವನ ಮೊಣಕಾಲಿಗೂ ಹಿಡಿಕೆಗೂ ನಡುವೆ ಇಟ್ಟುಕೊಂಡು ಕೂತಳು. ವಿಜಾಪುರದಲ್ಲಿ ಇಳಿದಾಗ ಅವಳ ಅಂಗೈಯ ಹಿಂಭಾಗ ನೀಲಿಗಟ್ಟಿತ್ತು.

ಮುತ್ಯಾ ಗುಣವಾಗಿ ಬಂದ. ಮುಂದೆ ಆರು ವರ್ಷ ಹೊಲಕ್ಕೂ ಹೋದ. ಆದರೆ ಆ ಮಡಚಿದ ಕಾಲು ನನ್ನ ತಲೆಯೊಳಗೆ ಹಾಗೆಯೇ ಉಳಿಯಿತು. ಆ ವರ್ಷ ನಾನು ದಂಟಿನಿಂದ ಚಕ್ಕಡಿ ಮಾಡಲಿಲ್ಲ. ಬೆಂಡು ಕೊರೆದು ಅಂಬಾಸಡರ್ ಮಾಡಿದೆ, ಅದರ ಬೆನ್ನನ್ನು ಉದ್ದಕ್ಕೆ ಬೆಳೆಸಿದೆ. ಮುತ್ಯಾ ಕಟ್ಟೆಯ ಮೇಲೆ ಕೂತು ಅದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಹಿಂದಿನ ಕಿಂಡಿಯಲ್ಲಿ ತೋರುಬೆರಳು ಉದ್ದಕ್ಕೆ ತೂರಿಸಿದ. ಬೆರಳು ಪೂರಾ ಹಿಡಿಯಿತು. "ಇದರಾಗ ನನ್ನ ಕಾಲ ಹಿಡಿತಾವ ನೋಡು" ಅಂದ. ನನ್ನ ಕೆಲಸಕ್ಕೆ ಬಂದ ಮೊದಲ ಮೆಚ್ಚುಗೆ ಅದು. ಅದಕ್ಕಿಂತ ದೊಡ್ಡದು ಮತ್ತೆ ಬಂದಿಲ್ಲ.

ದಂಟಿನ ಕಾರಿಗೆ ಅಳತೆ ಇರುವುದಿಲ್ಲ, ಕಣ್ಣಂದಾಜೇ ಅಳತೆ. ನನಗೆ ಅಳತೆ ಕಲಿಸಿದವರು ಓಣಿಯ ಬಡಿಗೇರ ಕಾಕಾ. ನಾನು ಹೊಲಿಗೆ ಕಲಿತು ಟೇಪು ಕೊರಳಿಗೆ ಹಾಕಿಕೊಂಡಿದ್ದ ಹೊಸತರಲ್ಲಿ, ಒಂದು ನಿಂತ ಅಂಬಾಸಡರ್‌ನ ಮೈಯನ್ನು ಮುಂದಿನಿಂದ ಹಿಂದಕ್ಕೆ, ಮೇಲಿನಿಂದ ಕೆಳಕ್ಕೆ ಅಳೆದು ಬರೆದುಕೊಂಡು ಅವರ ಬಳಿ ಹೋದೆ. ಅವರು ಒಂದೇ ಮಾತು ಹೇಳಿದರು: "ಅಡಿಗೆ ಅರ್ಧ ಇಂಚ ಹಿಡಿ ಮಗಳ. ಲೆಕ್ಕ ತಪ್ಪೂದಿಲ್ಲ." ಮಾದರಿ ಕಟ್ಟುವ ಜಗತ್ತು ಇದನ್ನು ಇಪ್ಪತ್ನಾಲ್ಕಕ್ಕೆ ಒಂದು ಅನ್ನುತ್ತದೆ. ಆಟದ ರೈಲಿನ ಅಳತೆಯಿಂದ ಹುಟ್ಟಿದ ಇನ್ನೊಂದು ಲೆಕ್ಕವೂ ಇದೆ, ಅಡಿಗೆ 7 ಮಿಲಿಮೀಟರ್. ಅದರಿಂದ ನಲವತ್ಮೂರಕ್ಕೆ ಒಂದು ಎಂಬ ಸಣ್ಣ ಕಾರುಗಳು ಬಂದವು. ಅಡಿ ಇಂಚಿನ ಟೇಪು ಹಿಡಿದು ದುಡಿಯುವ ನನ್ನಂಥವಳಿಗೆ ಕಾಕಾ ಹೇಳಿದ ಲೆಕ್ಕವೇ ಕೈಗೆ ಒಗ್ಗಿತು. ಹದಿನಾಲ್ಕು ಅಡಿಯ ಅಂಬಾಸಡರ್ ಏಳು ಇಂಚಾಗುತ್ತದೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಎಂಟಡಿ ಒಂದಿಂಚು, ನನ್ನಲ್ಲಿ ನಾಲ್ಕಿಂಚಿಗೆ ಒಂದು ಕೂದಲೆಳೆ ಹೆಚ್ಚು. ಮುತ್ಯಾ ಮೂರಿಂಚು. ಓಣಿಯ ಹುಡುಗರು ಕೇಳಿದರೆ ಗೋಳಗುಮ್ಮಟದ ಲೆಕ್ಕ ಹೇಳುತ್ತೇನೆ. ಅದರ ಗುಮ್ಮಟ ಹೊರಗಿನಿಂದ 44 ಮೀಟರ್ ಅಗಲ. ನನ್ನ ಹಲಗೆಯ ಅಳತೆಗೆ ಇಳಿಸಿದರೆ ಆರಡಿ, ಮುತ್ಯಾನನ್ನು ಅಡ್ಡ ಮಲಗಿಸಿದಷ್ಟು. ಹುಡುಗರು ಕಣ್ಣು ಅರಳಿಸಿ ಕೈ ಅಗಲಿಸಿ ನೋಡುತ್ತಾರೆ. ಅಳತೆ ಎಂದರೆ ಏನೆಂದು ಅವರಿಗೆ ಆ ಗಳಿಗೆಯಲ್ಲಿ ತಿಳಿಯುತ್ತದೆ.

ಕಾರಿನ ಮೈ ಕಟ್ಟುವುದಕ್ಕೂ ಜಂಪರ್ ಹೊಲಿಯುವುದಕ್ಕೂ ನಾನು ಅಂಥ ಭೇದ ಕಾಣೆ. ಮೊದಲು ಖಾಕಿ ಕಾಗದದ ಮೇಲೆ ಕಟಿಂಗ್ ತೆಗೆಯುತ್ತೇನೆ. ಬಾನೆಟ್ಟಿಗೆ ಒಂದು, ಛಾವಣಿಗೆ ಒಂದು, ಒಂದೊಂದು ಬಾಗಿಲಿಗೆ ಒಂದೊಂದು. ಆಮೇಲೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಬಿಸಿ ಮಾಡಿ, ಎರಡು ಹಲಗೆಗಳ ನಡುವೆ ಒತ್ತಿ ಹಾಳೆ ಮಾಡಿಕೊಂಡು ಅದರ ಮೇಲೆ ಕಾಗದವಿಟ್ಟು ಕೊರೆಯುತ್ತೇನೆ. ಕಷ್ಟದ ಕೆಲಸ ಅಂಬಾಸಡರ್‌ನ ಮುಂದಿನ ಮಡ್‌ಗಾರ್ಡು. ಅದು ಎರಡೂ ಕಡೆಗೆ ಉಬ್ಬಿದ ಹೆಗಲು. ಸಪಾಟಾದ ಹಾಳೆ ಹಾಗೆ ಉಬ್ಬಲು ಒಪ್ಪುವುದಿಲ್ಲ. ಬಟ್ಟೆಯೂ ಒಪ್ಪುವುದಿಲ್ಲ, ಅದಕ್ಕೇ ನಾವು ಡಾಟ್ ಹಾಕುತ್ತೇವೆ: ತ್ರಿಕೋನದಷ್ಟು ಜಾಗವನ್ನು ಒಳಗೆ ಹಿಡಿದು ಹೊಲಿದರೆ ಉಳಿದದ್ದು ತಾನಾಗಿ ದುಂಡಗಾಗುತ್ತದೆ. ಹಾಳೆಗೂ ಅದನ್ನೇ ಮಾಡಿದೆ. ಅಂಚಿನಿಂದ ಮೂರು ಸಣ್ಣ ತ್ರಿಕೋನ ಕತ್ತರಿಸಿ ತೆಗೆದು, ಬಿಸಿನೀರಿನಲ್ಲಿ ಅದ್ದಿ, ಬಟ್ಟಲಿನ ತಳದ ಮೇಲೆ ಬಾಗಿಸಿ, ಅಂಚುಗಳನ್ನು ಕೂಡಿಸಿ ಅಂಟಿಸಿದೆ. ಸಂದಿಗೆ ಎಂ-ಸೀಲ್ ತುಂಬಿ, ಒಣಗಿದ ಮೇಲೆ ನೀರು ಹಚ್ಚಿ ಪಾಲಿಶ್ ಪೇಪರಿನಿಂದ ತಿಕ್ಕಿದೆ. ಮೂರನೇ ದಿನ ಬೆರಳಾಡಿಸಿದರೆ ಹೊಲಿಗೆ ಎಲ್ಲಿತ್ತು ಎಂದು ನನಗೇ ಸಿಗಲಿಲ್ಲ.

ಗಾಲಿಗೆ ಹಳೆಯ ಹವಾಯಿ ಚಪ್ಪಲಿ. ಚಪ್ಪಲಿಯ ಅಟ್ಟೆಯನ್ನು ಕಾಲಿಂಚು ದಪ್ಪಕ್ಕೆ ಸೀಳಿ, ಬಾಯಿ ಹರಿತ ಮಾಡಿದ ಕಬ್ಬಿಣದ ಕೊಳವೆಯಿಂದ ತಿರುವಿ ತೆಗೆದರೆ ದುಂಡನೆಯ ಟಾಯರು. ಮುಂದಿನ ದೀಪಕ್ಕೆ ಮೊದಲು ಅಂಗಿಯ ಗುಂಡಿ ಹಚ್ಚಿದ್ದೆ. ಮುಖವೇ ಬದಲಾಗಿ ಹೋಯಿತು, ಕಣ್ಣು ಅಗಲಿಸಿ ಬೆದರಿದ ಕರುವಿನ ಹಾಗೆ. ನಿಜದ ದೀಪ ಏಳಿಂಚು ಅಗಲ, ನನ್ನ ಲೆಕ್ಕಕ್ಕೆ ಏಳು ಮಿಲಿಮೀಟರಿಗೆ ತುಸು ಹೆಚ್ಚು. ಗುಂಡಿ ಅದಕ್ಕಿಂತ ದೊಡ್ಡದು. ಕಡೆಗೆ ಸಿಕ್ಕಿದ್ದು ಅವ್ವನ ಬಿಪಿ ಗುಳಿಗೆಯ ಪಟ್ಟಿ. ಗುಳಿಗೆ ತೆಗೆದ ಮೇಲೆ ಉಳಿಯುವ ಪಾರದರ್ಶಕ ಗುಳ್ಳೆ ಅಳತೆಗೆ ತಕ್ಕ ಗಾಜು, ಅದರ ಹಿಂದಿನ ಬೆಳ್ಳಿ ಕಾಗದವೇ ಬೆಳಕು. ಅವ್ವ ಈಗ ಒಂದು ಪಟ್ಟಿಯನ್ನೂ ಎಸೆಯುವುದಿಲ್ಲ, ತೊಳೆದು ನನ್ನ ಡಬ್ಬಿಯಲ್ಲಿ ಹಾಕುತ್ತಾಳೆ.

ಇದ್ದ ಕಾರನ್ನು ಇದ್ದ ಹಾಗೆ ಮಾಡುವವರು ಬಹಳ ಜನ. ಅವರ ಕೈಗೆ ನಾನು ಶರಣು. ನನ್ನ ಮನಸ್ಸು ಹೋಗುವುದು ಮಾತ್ರ ಬದಲಿಸುವ ಕಡೆಗೆ. ನಮ್ಮ ಸೀಮೆಯ ಹೆಂಗಸರಿಗೆ ಇದು ಹೊಸದಲ್ಲ. ಹರಿದ ಪತ್ತಲ, ಹಳೆಯ ಧೋತರ, ಕೂಸಿನ ಕುಲಾಯಿ ಎಲ್ಲ ಕೂಡಿ ಕೌದಿಯಾಗುತ್ತದೆ. ಕೌದಿ ಹೊಲಿಯುವವಳು ಒಂದೊಂದು ತುಂಡಿನ ನೇಯ್ಗೆ ನೋಡುತ್ತಾಳೆ: ಇದು ಎಳೆದರೆ ಹಿಗ್ಗೀತು, ಇದು ಸವೆದಿದೆ, ಇದನ್ನು ಅಂಚಿಗೆ ಹಾಕಬೇಕು. ಬಟ್ಟೆಯ ಗುಣ ಅರಿಯದೆ ಕೌದಿಯಿಲ್ಲ. ಕಾರಿನ ಗುಣ ಅರಿಯದೆ ಕಾರು ಬದಲಿಸುವುದೂ ಇಲ್ಲ.

ಯುರೋಪಿನಲ್ಲೂ ಒಳ್ಳೆಯ ಕಾರುಗಳೆಷ್ಟೋ ಹೀಗೆ ಬದಲಿಸಿದವರ ಕೈಯಿಂದಲೇ ಬಂದವು. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಜರ್ಮನಿಯ ಬೀಟಲ್ ಕಾರ್ಖಾನೆಯಲ್ಲಿ ಸಾಮಾನು ಸಾಗಿಸುವ ಒಂದು ಮೊಂಡು ಗಾಡಿ ನೋಡಿ, ತನ್ನ ನೋಟ್‌ಬುಕ್ಕಿನಲ್ಲಿ ಪೆಟ್ಟಿಗೆಯಂಥ ಚಿತ್ರ ಗೀಚಿದ. ಮೂರು ವರ್ಷದಲ್ಲಿ ಅದು ಫೋಕ್ಸ್‌ವ್ಯಾಗನ್ ವ್ಯಾನಾಗಿ ರಸ್ತೆಗೆ ಬಂತು. ಫಿಯಾಟ್ 600 ಎಂಬ ಪುಟ್ಟ ಕಾರಿನ ಮೂತಿಯನ್ನೇ ತೆಗೆದು, ಚಾಲಕನನ್ನು ಮುಂದಿನ ಅಚ್ಚಿನ ಮೇಲೆ ಕೂರಿಸಿ, ಸುಮಾರು ಹನ್ನೊಂದೂವರೆ ಅಡಿಯಲ್ಲಿ ಆರು ಜನರಿಗೆ ಜಾಗ ಮಾಡಿದರು. 1956ರ ಆ ಗಾಡಿಯ ಹೆಸರು ಮಲ್ಟಿಪ್ಲಾ. ಫ್ರಾನ್ಸಿನ ಸಿಟ್ರೊಯೆನ್ 2 ಸಿವಿ ಹುಟ್ಟಿದ್ದೇ ರೈತನಿಗಾಗಿ. ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲ ದಾಟಿದರೆ ಒಂದೂ ಒಡೆಯಬಾರದು ಎಂಬುದು ಅದನ್ನು ಮಾಡುವವರ ಮುಂದಿಟ್ಟ ಷರತ್ತು. ಅದನ್ನೇ ಬದಲಿಸಿ, ಮುಂದೊಂದು ಹಿಂದೊಂದು ಎಂಜಿನ್ನಿಟ್ಟು, ಮರಳುಗಾಡಿಗೆ ಸಹಾರಾ ಎಂಬ ಗಾಡಿ ಮಾಡಿದರು. ನಮ್ಮ ದೇಶದಲ್ಲೂ ಆಗಿದೆ. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್‌ಗೆ ಇಂಗ್ಲೆಂಡಿನಲ್ಲಿ ಎರಡೇ ಬಾಗಿಲು. 1961ರಿಂದ ಮದರಾಸಿನಲ್ಲಿ ಅದು ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು, ಮುಂದೆ ಅಲ್ಲಿಯೇ ಅದಕ್ಕೆ ನಾಲ್ಕು ಬಾಗಿಲು ಬಂದವು. ಮುಂದಿನ ಸೀಟು ಮಡಚಿ ಹಿಂದಕ್ಕೆ ತೂರುವ ಕಷ್ಟ ನಮ್ಮ ಮನೆಯ ಹಿರಿಯರಿಗೆ ತಪ್ಪಿತು.

2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ದಂಡೆಯ ಹೊಲಗಳಿಗೆ ನುಗ್ಗಿದಳು. ನೀರು ಇಳಿದ ಮೇಲೆ ಉಳಿದದ್ದು ಎರೆ ಮಣ್ಣಿನ ಕೆಸರು. ಎರೆ ಗಾಲಿಗೆ ಹತ್ತಿದರೆ ಬಿಡುವ ಪೈಕಿ ಅಲ್ಲ. ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಗಾರೆಯ ಹಾಗೆ ಗಿಡಿದು ಗಾಲಿಯನ್ನೇ ಕಟ್ಟಿಹಾಕುತ್ತದೆ. ಅದಕ್ಕೇ ಮಳೆಗಾಲದಲ್ಲಿ ಸೈಕಲ್ಲಿನ ಮಡ್‌ಗಾರ್ಡ್ ಬಿಚ್ಚಿಡುವವರು ನಮ್ಮಲ್ಲಿದ್ದಾರೆ. ಆ ಕೆಸರಿನಲ್ಲಿ ಟ್ರ್ಯಾಕ್ಟರು ಮಾತ್ರ ಬಂದು ಹೋಗುತ್ತಿದ್ದಾಗ, ಮೇಲಿನ ಹಲಗೆಗೆ ಏರಿಸಿಟ್ಟಿದ್ದ ಕಾರುಗಳನ್ನು ಇಳಿಸುತ್ತ ನನಗೆ ಎರೆ ಹೊಲದ ಫಿಯಾಟ್ ಹೊಳೆಯಿತು. ಪದ್ಮಿನಿಯ ನಾಲ್ಕೂ ಮಡ್‌ಗಾರ್ಡುಗಳ ಅಂಚನ್ನು ಮೇಲಕ್ಕೆ ಕೊರೆದೆ. ಗಾಲಿಯನ್ನು ದೊಡ್ಡದು ಮಾಡಿದೆ, ಅಗಲ ಹೆಚ್ಚಿಸದೆ ಸಣ್ಣಗೇ ಇಟ್ಟೆ. ಗಾಲಿಯ ಸುತ್ತ, ನಿಜದ ಅಳತೆಗೆ ನಾಲ್ಕು ಬೆರಳಾಗುವಷ್ಟು ಬಯಲು ಬಿಟ್ಟೆ, ಮಣ್ಣು ಹತ್ತಿದರೂ ತಾನೇ ಉದುರಿ ಬೀಳಲಿ ಎಂದು. ಮೈ ಎತ್ತರಕ್ಕೆ ಹೋದದ್ದಕ್ಕೆ ಹತ್ತಲು ಚಕ್ಕಡಿಯ ಹಾಗೆ ಒಂದು ಮೆಟ್ಟು ಕೊಟ್ಟೆ. ಮಾಡಿ ಮುಗಿಸಿದಾಗ ಇಟಲಿಯ ಆ ಕಾರು ನಮ್ಮೂರ ಬಾವಿಯ ನೀರು ಕುಡಿದ ಹಾಗೆ ಕಾಣಿಸಿತು.

ಅಂಬಾಸಡರ್ ನಿಂತ 2014ರಲ್ಲೇ, ನವೆಂಬರಿನಲ್ಲಿ, ನಮ್ಮ ಜಿಲ್ಲೆಯ ಹೆಸರು ವಿಜಯಪುರವಾಯಿತು. 2023ರ ಅಕ್ಟೋಬರದ ಕೊನೆಗೆ ಮುಂಬಯಿಯ ರಸ್ತೆಗಳಿಂದ ಕಪ್ಪು-ಹಳದಿಯ ಪದ್ಮಿನಿ ಟ್ಯಾಕ್ಸಿಗಳೂ ಮರೆಯಾದವು. ಓಣಿಯ ಹುಡುಗರಲ್ಲಿ ಅಂಬಾಸಡರ್ ಹತ್ತಿದವರು ಈಗ ಯಾರೂ ಇಲ್ಲ. ಅವರಿಗೆ ಅದರ ಮುಖ ಗೊತ್ತಿರುವುದು ನನ್ನ ಹಲಗೆಯಿಂದ.

ಇಷ್ಟು ಮಾಡಿದರೂ ಮುತ್ಯಾನ ಕಾರನ್ನು ಅಳತೆಗೆ ತಕ್ಕಂತೆ ಕಟ್ಟಲು ನಾನು ಬಹಳ ವರ್ಷ ಕೈ ಹಾಕಿರಲಿಲ್ಲ. ಹೋದ ಬೇಸಿಗೆಯಲ್ಲಿ ಹಾಕಿದೆ. ಬೆನ್ನು ಬೆಳೆಸಬೇಕು ಎಂದೇ ಒಂಬತ್ತು ವರ್ಷದವಳಿದ್ದಾಗಿನಿಂದ ನಂಬಿದ್ದವಳು ನಾನು. ಖಾಕಿ ಕಾಗದದ ಮೇಲೆ ಕಾರನ್ನು ಉದ್ದಕ್ಕೆ ಸೀಳಿದಂತೆ ಬರೆದು, ಮೂರಿಂಚಿನ ಮುತ್ಯಾನನ್ನು ಕತ್ತರಿಸಿ ಒಳಗೆ ಮಲಗಿಸಿ ನೋಡಿದೆ. ಅಡ್ಡಕ್ಕೆ ಹಿಡಿಯಲಿಲ್ಲ. ಉದ್ದಕ್ಕೆ ತಿರುಗಿಸಿದೆ. ತಲೆ ಚಾಲಕನ ಸೀಟಿನ ಹಿಂದೆ, ಕಾಲು ಹಿಂದಿನ ಸೀಟು ದಾಟಿ ಡಿಕ್ಕಿಯೊಳಗೆ. ಹಿಡಿಯಿತು. ಕಾರನ್ನು ಒಂದು ನೂಲಿನಷ್ಟೂ ಬೆಳೆಸಬೇಕಾಗಿರಲಿಲ್ಲ. ಅವನ ಕಾಲಿಗೆ ಬೇಕಾದ ಜಾಗ ಆವತ್ತೂ ಕಾರಿನೊಳಗೇ ಇತ್ತು, ಸೀಟಿನ ಬೆನ್ನಿಗಿದ್ದ ಒಂದು ತಗಡಿನ ಆಚೆ. ಕತ್ತರಿ ಕೆಳಗಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತೆ.

ಆ ತಗಡನ್ನು ತೆಗೆದುಬಿಡುವುದೂ ಸಲೀಸಲ್ಲ. ಹೆರಾಲ್ಡ್‌ನ ಕೆಳಗೆ ಬೇರೆಯೇ ಚಾಸಿ ಇದೆ, ಚಕ್ಕಡಿಯ ಹಾಗೆ. ಮೇಲಿನ ಮೈ ಹೇಗೆ ಬದಲಿಸಿದರೂ ಭಾರ ಹೊರುವುದು ಕೆಳಗಿನ ಚೌಕಟ್ಟು. ಅಂಬಾಸಡರ್ ಗಡಿಗೆಯ ಹಾಗೆ, ಅದರ ಬಲವೆಲ್ಲ ಮೈಯ ತಗಡಿನಲ್ಲೇ. ಸೀಟಿನ ಹಿಂದಿನ ಆ ತಗಡು ಎರಡು ಮಗ್ಗುಲನ್ನೂ ಹಿಡಿದು ನಿಲ್ಲಿಸುತ್ತದೆ. ಅದನ್ನು ತೆಗೆದವಳು ಬೇರೆ ಕಡೆ ಬಲ ಕೊಡಬೇಕು. ಹಿಂಬಾಗಿಲ ಸುತ್ತ ಒಂದು ದಪ್ಪ ಚೌಕಟ್ಟು ಹಾಕಿದೆ, ನಡುವೆ ಛಾವಣಿಗೆ ಕಮಾನು ಕೊಟ್ಟೆ, ಬಾಗಿಲ ಕೆಳಗಿನ ಪಟ್ಟಿಯನ್ನು ಇಮ್ಮಡಿ ಮಾಡಿದೆ. ಅಂಬಾಸಡರ್‌ನ ತಾಯಿ ಮಾರಿಸ್ ಆಕ್ಸ್‌ಫರ್ಡ್‌ಗೂ ಇಂಗ್ಲೆಂಡಿನಲ್ಲಿ ಟ್ರಾವೆಲರ್ ಎಂಬ ಇಂಥದೇ ರೂಪವಿತ್ತು, ಬೆನ್ನಿಗೆ ಮರದ ಚೌಕಟ್ಟು ಹಾಕಿದ್ದು. ಅದನ್ನು ನೆನೆದು ನನ್ನ ಕಾರಿನ ಹಿಂಭಾಗಕ್ಕೂ ಮರ ಹಚ್ಚಿದೆ. ನನ್ನದು ಜೋಳದ ದಂಟಿನ ಸಿಬಿರು. ವಾರ್ನಿಶ್ ಬಳಿದ ಮೇಲೆ ಅದು ಬಂಗಾರದ ಬಣ್ಣಕ್ಕೆ ತಿರುಗಿತು.

ಬಾಗಿಲ ಒಳಗಿನ ಹಿಡಿಕೆಗಳನ್ನು ಹಚ್ಚಲಿಲ್ಲ, ಆ ಜಾಗದಲ್ಲಿ ಮೆತ್ತೆ ಹೊಲಿದೆ. ಹಾಸಿಗೆಯನ್ನು ಮೂರೂಕಾಲು ಇಂಚಿಗೆ ಕತ್ತರಿಸಿದೆ. ಟ್ರಂಕಿನಲ್ಲಿ ಮುತ್ಯಾನ ಪಟಕಾದ ಒಂದು ತುಂಡು ಇತ್ತು, ಆಯಿಯ ಇಳಕಲ್ ಸೀರೆಯ ಸೆರಗಿನದೂ ಇತ್ತು. ಎರಡನ್ನೂ ಕೂಡಿಸಿ ಬೆರಳಗಲದ ಕೌದಿ ಹೊಲಿದು ಹಾಸಿದೆ. ಹಿಂಬಾಗಿಲು ಹಾಕುವ ಮೊದಲು ಕಾಗದದ ಮುತ್ಯಾನನ್ನು ಮತ್ತೊಮ್ಮೆ ಮಲಗಿಸಿ ಟೇಪು ಹಿಡಿದೆ. ಕಾಲಿನಿಂದ ಬಾಗಿಲಿಗೆ ಕಾಲು ಇಂಚು ಉಳಿದಿತ್ತು. ಅಡಿಗೆ ಅರ್ಧ ಇಂಚಿನ ಲೆಕ್ಕಕ್ಕೆ ಅದು ಪೂರಾ ಅರ್ಧ ಅಡಿ.